ದಿಢೀರ್ ಪಟ: ತೆಗೆದವರದೋ, ತೆಗೆಸಿಕೊಂಡವರದೋ?

ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಇಳಿಸುವ ಹಮಾಲರು, ಆರ್.ಟಿ. ನಗರದ ರಸ್ತೆ ಬದಿಯಲ್ಲಿ ಮಲ್ಲಿಗೆ ಕಟ್ಟುವ ಅಜ್ಜಿ, ಯಲಹಂಕದ ಬಸ್ ನಿಲ್ದಾಣದ ಹೊರಗೆ ಕಡಲೆಕಾಯಿ ಹುರಿಯುವವರು. ಇವರ ಫೋಟೊ ತೆಗೆಯುವವರಿಗೆ ಇಂದು ಬರವಿಲ್ಲ. ಕ್ಲಿಕ್ಕಿಸಿದ ಮೇಲೆ ಒಂದು ಸಣ್ಣ ಶಾಸ್ತ್ರವೂ ನಡೆಯುತ್ತದೆ. 'ನಮಗೂ ಒಂದು ಕಾಪಿ ಕೊಡ್ತೀರಾ ಸಾರ್?' ಎಂದು ಇವರು ಕೇಳುತ್ತಾರೆ. 'ಖಂಡಿತ ಕಳಿಸ್ತೀನಿ' ಎಂದು ಅವರು ಹೇಳುತ್ತಾರೆ. ಆ ಕಾಪಿ ಬರುವುದು ಅಪರೂಪ. ತಮ್ಮದೇ ಮುಖದ ಪಟ ಎಲ್ಲೋ ಯಾರದೋ ಫೋನಿನಲ್ಲಿ ಉಳಿಯುತ್ತದೆ. ಮುಖದ ಒಡೆಯರ ಕೈ ಖಾಲಿ.

ಈ ಲೆಕ್ಕವನ್ನು ತಲೆಕೆಳಗು ಮಾಡುವ ಒಂದು ಯಂತ್ರವಿದೆ. ಗುಂಡಿ ಒತ್ತಿದೊಡನೆ ಗರ್ ಎಂದು ಸದ್ದು ಮಾಡುತ್ತ, ಬಿಳಿ ಅಂಚಿನ ಹಾಳೆಯೊಂದನ್ನು ಹೊರತಳ್ಳುವ ಕ್ಯಾಮರಾ ಅದು. ದಿಢೀರ್ ಇಡ್ಲಿ, ದಿಢೀರ್ ಕಾಫಿಗಳ ಊರಿನಲ್ಲಿ ಇದನ್ನು ದಿಢೀರ್ ಕ್ಯಾಮರಾ ಎಂದು ಕರೆದರೆ ತಪ್ಪಾಗಲಾರದು. ಎಲ್ಲರ ಜೇಬಿನಲ್ಲೂ ಫೋನ್ ಇರುವ ಈ ಕಾಲದಲ್ಲಿ, ಒಂದೊಂದು ಪಟಕ್ಕೂ ಹಣ ಬೇಡುವ ಇಂಥ ಯಂತ್ರವನ್ನು ಯಾರಾದರೂ ಯಾಕೆ ಕೊಳ್ಳಬೇಕು? ಕೊಂಡರೆ ಯಾವುದನ್ನು ಕೊಳ್ಳಬೇಕು? ಬೆಂಗಳೂರಿನ ಬಿಸಿಲು, ಛತ್ರ, ಚಳಿಗಳಲ್ಲಿ ಅದನ್ನು ಬಳಸುವ ಬಗೆ ಯಾವುದು? ಇವುಗಳಿಗೆ ಉತ್ತರ ಹುಡುಕುವ ಮೊದಲು ಈ ಯಂತ್ರ ಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮಗಳ ಪ್ರಶ್ನೆ, ಅಪ್ಪನ ಉತ್ತರ

1943ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್ ರಜೆ ಕಳೆಯಲು ಸಾಂತಾ ಫೆ ಪಟ್ಟಣಕ್ಕೆ ಹೋಗಿದ್ದರು. ಆಗ ತೆಗೆದ ಫೋಟೊವನ್ನು ಈಗಲೇ ಏಕೆ ನೋಡಲಾಗದು ಎಂದು ಅವರ ಮೂರು ವರ್ಷದ ಮಗಳು ಕೇಳಿದಳಂತೆ. ಮಕ್ಕಳ ಇಂಥ ಪ್ರಶ್ನೆಗೆ ದೊಡ್ಡವರು ನಕ್ಕು ಸುಮ್ಮನಾಗುವುದೇ ಹೆಚ್ಚು. ಲ್ಯಾಂಡ್ ಸುಮ್ಮನಾಗಲಿಲ್ಲ. 1947ರ ಫೆಬ್ರುವರಿ 21ರಂದು ನ್ಯೂಯಾರ್ಕ್‌ನಲ್ಲಿ ನಡೆದ ದೃಗ್ವಿಜ್ಞಾನಿಗಳ ಸಭೆಯಲ್ಲಿ ತಮ್ಮದೇ ಭಾವಚಿತ್ರ ತೆಗೆದು, ಒಂದೇ ನಿಮಿಷದಲ್ಲಿ ಕಾಗದ ಸುಲಿದು ತೋರಿಸಿದರು. 1948ರ ನವೆಂಬರ್ 26ರಂದು ಬಾಸ್ಟನ್‌ನ ಅಂಗಡಿಯೊಂದರಲ್ಲಿ ಅವರ ಪೋಲರಾಯ್ಡ್ ಕಂಪನಿಯ ಮೊದಲ ಕ್ಯಾಮರಾ ಮಾರಾಟಕ್ಕೆ ಬಂತು. ಅಂಗಡಿಗೆ ತಂದಿದ್ದ ಕ್ಯಾಮರಾಗಳು ಅಂದೇ ಖಾಲಿಯಾದವು.

ಆರಂಭದ ಪಟಗಳು ಕಂದು ಬಣ್ಣದವು. ವರ್ಣಚಿತ್ರ ಬಂದದ್ದು 1963ರಲ್ಲಿ. ಕಾಗದ ಸುಲಿಯುವ ತಾಪತ್ರಯ ತಪ್ಪಿ, ಹಾಳೆ ತಾನೇ ಹೊರಬಂದು ಕಣ್ಣೆದುರೇ ಅರಳಿದ್ದು 1972ರ ಎಸ್‌ಎಕ್ಸ್-70 ಕ್ಯಾಮರಾದಲ್ಲಿ.

ಪೋಲರಾಯ್ಡ್ ಎಂಬ ಹೆಸರಿಗೂ ಉತ್ತರ ಬೆಂಗಳೂರಿಗೂ ದೂರದ ಒಂದು ನಂಟಿದೆ. ಆ ಹೆಸರು ಬಂದದ್ದು ಕ್ಯಾಮರಾದಿಂದಲ್ಲ. ಬೆಳಕಿನ ಅಲೆಗಳನ್ನು ಸೋಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವವನ್ನು ಮಾತ್ರ ಬಿಡುವ ತೆಳು ಹಾಳೆಯನ್ನು ಲ್ಯಾಂಡ್ ಹರೆಯದಲ್ಲೇ ರೂಪಿಸಿದ್ದರು. ಹಾಗೆ ಸೋಸಿದ ಬೆಳಕಿಗೆ ಧ್ರುವೀಕೃತ ಬೆಳಕು ಎಂದು ಹೆಸರು. ತಂಪು ಕನ್ನಡಕಗಳಲ್ಲಿ ಇಂದಿಗೂ ಕಾಣುವುದು ಇದೇ ತತ್ತ್ವ. ಬಾಸ್ಟನ್‌ನಲ್ಲಿ ಆ ಕ್ಯಾಮರಾ ಮಾರಾಟವಾದ 1948ರಲ್ಲೇ ಸರ್ ಸಿ.ವಿ. ರಾಮನ್ ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಕೆಲಸ ಮಾಡುತ್ತಿದ್ದ ಎಸ್. ಪಂಚರತ್ನಂ ಎಂಬ ಯುವಕ ಧ್ರುವೀಕೃತ ಬೆಳಕಿನ ಬಗ್ಗೆ 1956ರಲ್ಲಿ ಪ್ರಕಟಿಸಿದ ಶೋಧ ಇಂದು ಜಗತ್ತಿನಾದ್ಯಂತ ಅವರ ಹೆಸರಿನಲ್ಲೇ ಪ್ರಸಿದ್ಧ. ಆಗ ಅವರ ವಯಸ್ಸು ಕೇವಲ 22.

ಪಟ ಯಾರ ಕೈಯಲ್ಲಿ?

ಹಳೆಯ ಕಾಲದಲ್ಲಿ ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸಿದರೆ ಗ್ರಾಹಕರಿಗೆ ಸಿಗುತ್ತಿದ್ದುದು ಪ್ರತಿ ಮಾತ್ರ. ಮೂಲವಾದ ನೆಗೆಟಿವ್ ಸ್ಟುಡಿಯೊದ ಬೀರುವಿನಲ್ಲಿ ಉಳಿಯುತ್ತಿತ್ತು. ಪಟದ ಹಿಂದೆ ನೆಗೆಟಿವ್‌ನ ನಂಬರು ಬರೆದಿರುತ್ತಿತ್ತು. ಇನ್ನೊಂದು ಪ್ರತಿ ಬೇಕಾದರೆ ಆ ನಂಬರು ಹಿಡಿದು ಮತ್ತೆ ಅಲ್ಲಿಗೇ ಹೋಗಬೇಕು. ಫೋನಿನ ಕಾಲದಲ್ಲಿಯೂ ವ್ಯವಸ್ಥೆ ಬದಲಾಗಿಲ್ಲ. ಮೂಲ ಇರುವುದು ತೆಗೆದವರ ಬಳಿಯೇ.

ದಿಢೀರ್ ಫಿಲಂನಲ್ಲಿ ನೆಗೆಟಿವ್ ಬೇರೆ ಇಲ್ಲ. ಆ ಹಾಳೆಯೇ ಮೂಲ, ಅದೇ ಪ್ರತಿ. ಲೋಕದಲ್ಲಿ ಅದಕ್ಕೆ ಎರಡನೆಯದಿಲ್ಲ. ಹಾಗಾಗಿ ಅದು ಯಾರ ಕೈ ಸೇರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಕರಾಳ ಉತ್ತರವೂ ಇದೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ ಕರಿಯರು ಎಲ್ಲಿಗೆ ಹೋದರೂ ಪಾಸ್‌ಬುಕ್ ಎಂಬ ಗುರುತಿನ ಪುಸ್ತಕ ಹೊತ್ತಿರಬೇಕಿತ್ತು. ಅದರ ಫೋಟೊಗಳಿಗೆ ಪೋಲರಾಯ್ಡ್ ಸಾಧನ ಬಳಕೆಯಾಗುತ್ತಿತ್ತು. 1970ರಲ್ಲಿ ಅದೇ ಕಂಪನಿಯ ನೌಕರರಾಗಿದ್ದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಇದನ್ನು ಪ್ರತಿಭಟಿಸಿ ಚಳವಳಿ ಕಟ್ಟಿದರು. ಕಂಪನಿ ದಕ್ಷಿಣ ಆಫ್ರಿಕದಿಂದ ಹೊರಬಂದದ್ದು 1977ರಲ್ಲಿ. ಒಂದೇ ಯಂತ್ರ, ಎರಡು ಉಪಯೋಗ: ಒಂದು ಕಡೆ ಪಟ ಉಡುಗೊರೆಯಾಯಿತು, ಇನ್ನೊಂದು ಕಡೆ ಸಂಕೋಲೆಯಾಯಿತು.

ಎರಡು ಎಟಿಎಂ ಕಾರ್ಡಿನಷ್ಟು ಅಗಲ

ಇಂದು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಜಪಾನಿನ ಫ್ಯೂಜಿಫಿಲ್ಮ್ ಕಂಪನಿಯ ಇನ್‌ಸ್ಟ್ಯಾಕ್ಸ್ ಸರಣಿ. ಇದರಲ್ಲಿ ಮಿನಿ ಎಂಬುದು 1998ರಲ್ಲಿಯೂ ವೈಡ್, ಅಂದರೆ ಅಗಲ ಪಟದ್ದು, 1999ರಲ್ಲಿಯೂ ಬಂದವು. ಚೌಕಾಕಾರದ ಸ್ಕ್ವೇರ್ ಬಂದದ್ದು ಆಮೇಲೆ.

ಮಿನಿಯ ಹಾಳೆ 54 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರ. ಹೆಚ್ಚುಕಡಿಮೆ ಒಂದು ಎಟಿಎಂ ಕಾರ್ಡು. ವೈಡ್ ಹಾಳೆ 108ಕ್ಕೆ 86 ಮಿಲಿಮೀಟರ್; ಎರಡು ಕಾರ್ಡುಗಳನ್ನು ಪಕ್ಕಪಕ್ಕ ಜೋಡಿಸಿದಷ್ಟು. ಅಂಚು ಕಳೆದು ಉಳಿಯುವ ಚಿತ್ರ ಮಿನಿಯಲ್ಲಿ 46ಕ್ಕೆ 62, ವೈಡ್‌ನಲ್ಲಿ 99ಕ್ಕೆ 62 ಮಿಲಿಮೀಟರ್. ಒಬ್ಬರ ಮುಖಕ್ಕೆ ಮಿನಿ ಸಾಕು. ನಾಮಕರಣದಲ್ಲಿ ಮಗು, ಅಪ್ಪ ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಸೋದರಮಾವ ಎಲ್ಲರೂ ಸಾಲಾಗಿ ನಿಂತರೆ ಮಿನಿಯಲ್ಲಿ ಮುಖಗಳು ಉದ್ದಿನ ಕಾಳಾಗುತ್ತವೆ. ನಮ್ಮ ಮನೆಗಳಲ್ಲಿ ಫೋಟೊ ಎಂದರೆ ಗುಂಪು ಫೋಟೊ ತಾನೆ? ಅಗಲ ಪಟದ ಸಮರ್ಥನೆ ಇಷ್ಟೇ.

ಹಾಳೆಯೊಳಗೆ ನಡೆಯುವುದೇನು?

ಹಾಳೆಯಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಪ್ರತ್ಯೇಕವಾಗಿ ಸ್ಪಂದಿಸುವ ಬೆಳ್ಳಿ ಲವಣದ ಮೂರು ಪದರಗಳಿರುತ್ತವೆ. ಪ್ರತಿ ಪದರಕ್ಕೂ ಒಂದೊಂದು ಬಣ್ಣ ಜೊತೆಗಿರುತ್ತದೆ. ಬಿಳಿ ಅಂಚು ಒಂದು ಕಡೆ ಹೆಚ್ಚು ಅಗಲವಿರುವುದು ಅಂದಕ್ಕಲ್ಲ. ಅದರೊಳಗೆ ಕ್ಷಾರದ ಅಂಟುದ್ರವ ತುಂಬಿದ ಪುಟ್ಟ ಚೀಲಗಳಿವೆ. ಹಾಳೆ ಹೊರಬರುವಾಗ ಎರಡು ಉರುಳೆಗಳ ನಡುವೆ ಕಬ್ಬು ಗಾಣಕ್ಕೆ ಸಿಕ್ಕಂತೆ ಸಿಕ್ಕಿ ಆ ಚೀಲಗಳು ಒಡೆಯುತ್ತವೆ. ದ್ರವ ಪದರಗಳ ನಡುವೆ ತೆಳುವಾಗಿ ಹರಡುತ್ತದೆ. ಯಾವ ಪದರಕ್ಕೆ ಎಷ್ಟು ಬೆಳಕು ಬಿದ್ದಿತ್ತೋ ಅದಕ್ಕೆ ಅನುಗುಣವಾಗಿ ಬಣ್ಣಗಳು ಬಿಡುಗಡೆಯಾಗಿ ಮೇಲಿನ ಪದರ ಸೇರಿ ಚಿತ್ರವಾಗುತ್ತವೆ. ಊರಿನ ದೊಡ್ಡ ಕತ್ತಲೆಕೋಣೆಯ ಕೆಲಸವೆಲ್ಲ ಅಂಗೈಯಗಲದ ಹಾಳೆಯೊಳಗೇ ಮುಗಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇನ್‌ಸ್ಟ್ಯಾಕ್ಸ್ ಹಾಳೆಗೆ ಸುಮಾರು 90 ಸೆಕೆಂಡು ಬೇಕು.

ಹೊರಬಂದ ಹಾಳೆಯನ್ನು ಬೀಸಣಿಗೆಯಂತೆ ಬೀಸುವ ಚಾಳಿ ಹಲವರಿಗಿದೆ. ಅದು ಸುಲಿಯುವ ಕಾಗದದ ಕಾಲದಲ್ಲಿ ಒದ್ದೆ ಆರಿಸಲು ಬಂದ ಅಭ್ಯಾಸ. ಈಗಿನ ಹಾಳೆಯ ಮೇಲ್ಮೈ ಒಣಗಿಯೇ ಇರುತ್ತದೆ. ಬೀಸಿದರೆ, ಮಡಿಸಿದರೆ ಒಳಗಿನ ದ್ರವ ಕದಡಿ ಚಿತ್ರ ಕೆಡುವ ಸಂಭವವೇ ಹೆಚ್ಚು. ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು ಕಾಯುವುದೇ ಸರಿ. ಕತ್ತರಿಯಿಂದ ಅಂಚು ಕತ್ತರಿಸುವುದೂ ಬೇಡ. ಒಳಗಿನ ಕ್ಷಾರ ಚರ್ಮಕ್ಕೆ ಒಳ್ಳೆಯದಲ್ಲ. ತಗುಲಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು.

ಕೊಳ್ಳುವುದು ಕ್ಯಾಮರಾವನ್ನಲ್ಲ, ಫಿಲಂ ಅನ್ನು

ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಕ್ಯಾಮರಾದ ಬೆಲೆಯಲ್ಲ. ಅದರ ಫಿಲಂ ಸಿಗುತ್ತದೆಯೇ, ಮುಂದೆಯೂ ಸಿಗುವುದೇ ಎಂಬುದು. ಇತಿಹಾಸ ಇದನ್ನು ಮತ್ತೆ ಮತ್ತೆ ಹೇಳಿದೆ. 1976ರಲ್ಲಿ ಕೊಡಕ್ ಕಂಪನಿ ದಿಢೀರ್ ಕ್ಯಾಮರಾ ಮಾರಾಟಕ್ಕಿಳಿಯಿತು. ಪೋಲರಾಯ್ಡ್ ಪೇಟೆಂಟ್ ಮೊಕದ್ದಮೆ ಹೂಡಿ ಗೆದ್ದಿತು. 1986ರಲ್ಲಿ ಕೊಡಕ್ ಆ ವ್ಯಾಪಾರವನ್ನೇ ಬಿಟ್ಟಿತು. ಲಕ್ಷಾಂತರ ಮನೆಗಳಲ್ಲಿ ಫಿಲಂ ಇಲ್ಲದ ಕ್ಯಾಮರಾಗಳು ಉಳಿದವು. ಗೆದ್ದ ಪೋಲರಾಯ್ಡ್ ಕೂಡ 2001ರಲ್ಲಿ ದಿವಾಳಿಯಾಗಿ, 2008ರಲ್ಲಿ ಫಿಲಂ ತಯಾರಿಕೆ ನಿಲ್ಲಿಸಿತು. ನೆದರ್ಲೆಂಡ್ಸ್‌ನ ಎನ್‌ಸ್ಖೆಡೆಯಲ್ಲಿದ್ದ ಅದರ ಹಳೆಯ ಕಾರ್ಖಾನೆಯನ್ನು ಕೆಲವು ಹಟವಾದಿಗಳು ಉಳಿಸಿಕೊಂಡು ಫಿಲಂ ಅನ್ನು ಮರಳಿ ರೂಪಿಸಿದರು. 2020ರಿಂದ ಅದಕ್ಕೆ ಪೋಲರಾಯ್ಡ್ ಎಂಬ ಹೆಸರೇ ಮರಳಿದೆ. ಆದರೆ ಎಲ್ಲ ಬಗೆಯ ಫಿಲಂಗಳೂ ಮರಳಿಲ್ಲ. ಫ್ಯೂಜಿಯ ಸುಲಿಯುವ ಫಿಲಂ ತಯಾರಿಕೆ 2016ರಲ್ಲಿ ನಿಂತಿತು. ಪೋಲರಾಯ್ಡ್‌ನ ಅಗಲ ಪಟದ ಸ್ಪೆಕ್ಟ್ರಾ ಫಿಲಂ 2019ರಲ್ಲಿ ಕೊನೆಗೊಂಡಿತು.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ಕೂರುವ ಭಾನುವಾರದ ಬಜಾರಿಗೆ ಹೋಗುವವರು ಇದನ್ನು ನೆನಪಿಡಬೇಕು. ಯಶವಂತಪುರದಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಬಜಾರು ಕಾಲಳತೆಯಲ್ಲಿದೆ. ಅಂಥ ಕಡೆ ಹಳೆಯ ದಿಢೀರ್ ಕ್ಯಾಮರಾ ಅಗ್ಗಕ್ಕೆ ಸಿಕ್ಕರೆ ಹಿಗ್ಗುವ ಮೊದಲು ಅದರ ಫಿಲಂ ಯಾವುದೆಂದು ವಿಚಾರಿಸಬೇಕು. ಇಲ್ಲವಾದರೆ ಷೋಕೇಸಿಗೆ ಒಂದು ಗೊಂಬೆ ಕೊಂಡಂತಾಗುತ್ತದೆ.

ಖರ್ಚಿನ ಲೆಕ್ಕ ಸರಳ. ಇನ್‌ಸ್ಟ್ಯಾಕ್ಸ್ ಪ್ಯಾಕಿನಲ್ಲಿ 10 ಹಾಳೆ. ಪ್ಯಾಕಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಪಟಕ್ಕೆ 100. ತಿಂಗಳಿಗೆ ಒಂದೇ ಪ್ಯಾಕ್ ಬಳಸಿದರೂ ವರ್ಷಕ್ಕೆ 12,000 ರೂಪಾಯಿ. ಕೆಟ್ಟ ಪಟಕ್ಕೂ ಇದೇ ಬೆಲೆ. ದಿನದ ದರ ಕೇಳಿ ಇದೇ ಲೆಕ್ಕವನ್ನು ಮನೆಯಲ್ಲಿ ಕೂತು ಒಮ್ಮೆ ಮಾಡಿದವರಿಗೆ ಆಮೇಲೆ ಪಶ್ಚಾತ್ತಾಪವಿರದು. ಪ್ಯಾಕಿನ ಮೇಲಿನ ಅವಧಿಯ ದಿನಾಂಕವನ್ನು ಅಂಗಡಿಯಲ್ಲೇ ನೋಡಿಕೊಳ್ಳುವುದು ಕ್ಷೇಮ.

ಅಗಲ ಪಟದ ಕ್ಯಾಮರಾಗಳಲ್ಲಿ 2014ರ ವೈಡ್ 300 ಬಹುಕಾಲ ಚಲಾವಣೆಯಲ್ಲಿದ್ದದ್ದು. 2024ರಲ್ಲಿ ವೈಡ್ 400 ಬಂತು. ಎರಡೂ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ನಡೆಯುವಂಥವು. ತೂಕ 600 ಗ್ರಾಂ ದಾಟುತ್ತದೆ. 2025ರ ವೈಡ್ ಇವೊ ಬೇರೆ ಜಾತಿಯದು: ಡಿಜಿಟಲ್ ಆಗಿ ತೆಗೆದು, ಬೇಕಾದದ್ದನ್ನು ಮಾತ್ರ ಆರಿಸಿ ಅಚ್ಚು ಹಾಕಬಹುದು. ಫೋನಿನ ಚಿತ್ರವನ್ನು ಇದೇ ಹಾಳೆಯ ಮೇಲೆ ಅಚ್ಚು ಹಾಕುವ ಪುಟ್ಟ ಪ್ರಿಂಟರ್ 2021ರಿಂದ ಇದೆ. ಹಾಳೆ ಹಾಳಾಗಬಾರದು ಎನ್ನುವವರಿಗೆ ಇವು ಅನುಕೂಲ. ಆದರೆ ಇಲ್ಲಿ ಮೂಲ ಮತ್ತೆ ಯಂತ್ರದಲ್ಲೇ ಉಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಛತ್ರದಲ್ಲಿ, ಕೆರೆ ಏರಿಯಲ್ಲಿ, ಬೆಟ್ಟದ ಮೇಲೆ

ಈ ಕ್ಯಾಮರಾದಿಂದ ಏನಾಗದು ಎಂಬುದನ್ನು ಮೊದಲೇ ತಿಳಿದಿರುವುದು ಲೇಸು. ಯಲಹಂಕ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ವೈಮಾನಿಕ ಪ್ರದರ್ಶನದ ಜೆಟ್‌ಗಳು ಇದಕ್ಕೆ ಸಿಕ್ಕುವುದಿಲ್ಲ. ವೈಡ್ 300ರ ಷಟರ್ ಎಷ್ಟೇ ಚುರುಕಾದರೂ ಸೆಕೆಂಡಿನ 200ನೇ ಒಂದು ಭಾಗ. ಹೆಬ್ಬಾಳ ಕೆರೆಯ ಹೆಜ್ಜಾರ್ಲೆ ಹಾಳೆಯ ಮೇಲೆ ಒಂದು ಬಿಳಿ ಚುಕ್ಕೆಯಾಗುತ್ತದೆ. ಇದು ದೂರದ ಹಕ್ಕಿಗೆ ಒಪ್ಪುವ ಯಂತ್ರವಲ್ಲ, ಎದುರಿಗಿರುವ ಮನುಷ್ಯರಿಗೆ ಒಪ್ಪುವಂಥದ್ದು.

ಮನುಷ್ಯರಲ್ಲಿಯೂ ಅಂತರ ಮುಖ್ಯ. ವೈಡ್ 300ರಲ್ಲಿ ಎರಡೇ ಹಂತಗಳಿವೆ: 90 ಸೆಂಟಿಮೀಟರ್‌ನಿಂದ 3 ಮೀಟರ್‌ವರೆಗೆ ಒಂದು, ಅದರಾಚೆಗೆ ಇನ್ನೊಂದು. ಲೆನ್ಸಿನ ಕಂಡಿ ಕಿರಿದು. ಒಳಗೆ ಬರುವ ಬೆಳಕು ಕಡಿಮೆ. ಫ್ಲ್ಯಾಷಿನ ಬೆಳಕೂ ಕೆಲವೇ ಮೀಟರ್ ಮುಟ್ಟುತ್ತದೆ. ಮದುವೆ ಛತ್ರದ ಐದನೇ ಸಾಲಿನ ಕುರ್ಚಿಯಿಂದ ಮಂಟಪದ ಕಡೆ ಗುರಿಯಿಟ್ಟರೆ ಮುಂದಿನವರ ತಲೆ ಬೆಳ್ಳಗಾಗಿ, ವಧೂವರರು ಕತ್ತಲಲ್ಲಿ ಮುಳುಗುತ್ತಾರೆ. ಒಂದು ಮಾರಿಗಿಂತ ತುಸು ಆಚೆ ನಿಂತು, ಜನರನ್ನು ಬಾಗಿಲು ಅಥವಾ ಕಿಟಕಿಯ ಬೆಳಕಿಗೆ ಕರೆದು ತೆಗೆದರೆ ಫಲ ಒಳ್ಳೆಯದು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಕಣ್ಣುಗುಳಿ ಕಪ್ಪಾಗಿ, ಬಿಳಿ ಪಂಚೆ ಸುಣ್ಣದಂತೆ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಇಲ್ಲವೇ ಮರದ ನೆರಳು ಮೇಲು. ನೋಡುವ ಕಂಡಿ ಲೆನ್ಸಿನ ಪಕ್ಕದಲ್ಲಿರುವುದರಿಂದ ಹತ್ತಿರದ ಚಿತ್ರಗಳಲ್ಲಿ ಅಂಚಿನವರ ಭುಜ ಕತ್ತರಿಸಿ ಹೋಗಬಹುದು. ಎರಡೂ ಕಡೆ ಸ್ವಲ್ಪ ಜಾಗ ಬಿಡಬೇಕು. ಪ್ಯಾಕ್ ಮುಗಿಯುವ ಮುನ್ನ ಹಿಂದಿನ ಬಾಗಿಲು ತೆರೆದರೆ ಉಳಿದ ಹಾಳೆಗಳಿಗೆ ಬೆಳಕು ತಗುಲುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಮುಖ್ಯ.

ಹವೆಯ ವಿಷಯದಲ್ಲಿ ಬೆಂಗಳೂರು ಪುಣ್ಯವಂತ ಊರು. ಇನ್‌ಸ್ಟ್ಯಾಕ್ಸ್ ಫಿಲಂ 5ರಿಂದ 40 ಡಿಗ್ರಿವರೆಗೆ ಕೆಲಸ ಮಾಡುತ್ತದೆ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅದೂ ಈ ಮಿತಿಯೊಳಗೇ. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಕಾವು ಹೊರಗಿನದಕ್ಕಿಂತ ಬಹಳ ಹೆಚ್ಚು. ಕ್ಯಾಮರಾವನ್ನು ಅಲ್ಲಿ ಬಿಟ್ಟು ಹೋಗುವುದು ಹಾಲನ್ನು ಬಿಟ್ಟು ಹೋದಂತೆ. ಚಳಿಗಾಲದ ಮುಂಜಾನೆ ನಂದಿಬೆಟ್ಟಕ್ಕೆ ಹೋಗುವವರಿಗೆ ಉಲ್ಟಾ ಸಮಸ್ಯೆ. ತಣ್ಣಗಾದಷ್ಟೂ ಬಣ್ಣ ಪೇಲವ. ಹೊರಬಂದ ಹಾಳೆಯನ್ನು ಮಡಿಸದೆ ಸ್ವೆಟರಿನ ಒಳಗಿನ ಬೆಚ್ಚನೆ ಜಾಗದಲ್ಲಿ ಇಟ್ಟುಕೊಂಡರೆ ಬಣ್ಣ ಕೂಡುತ್ತದೆ. ಬೇಸಿಗೆಯಲ್ಲಿ ಫಿಲಂ ಅನ್ನು ಫ್ರಿಜ್‌ನಲ್ಲಿ ಇಡಬಹುದು, ಫ್ರೀಜರ್‌ನಲ್ಲಿ ಅಲ್ಲ. ಬಳಸುವ ಮೊದಲು ಕೆಲ ಗಂಟೆ ಹೊರಗಿಟ್ಟಿರಬೇಕು.

ದೇವನಹಳ್ಳಿ ವಿಮಾನ ನಿಲ್ದಾಣದ ದಾರಿ ಹಿಡಿಯುವವರಿಗೆ ಇನ್ನೊಂದು ಮಾತು. ಈ ಫಿಲಂನ ಸೂಕ್ಷ್ಮತೆ 800. ಎಕ್ಸ್-ರೇ ಇದನ್ನು ಮಸುಕಾಗಿಸಬಲ್ಲದು. ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಫಿಲಂ ಹಾಕಲೇಬಾರದು. ಕೈಚೀಲದಲ್ಲಿ ಬೇರೆಯಾಗಿ ಇಟ್ಟು, ಕೈಯಿಂದಲೇ ಪರೀಕ್ಷಿಸುವಂತೆ ವಿನಂತಿಸಬಹುದು. ಒಪ್ಪುವುದು ಬಿಡುವುದು ಭದ್ರತಾ ಸಿಬ್ಬಂದಿಗೆ ಸೇರಿದ್ದು.

ಮೊದಲ ಹಾಳೆ ಅವರಿಗೆ

ಪಟ ಬಾಳಬೇಕಾದರೆ ನೇರ ಬಿಸಿಲಿನಿಂದ, ಮಳೆಗಾಲದ ತೇವದಿಂದ ದೂರವಿರಬೇಕು. ಗೋಡೆಗೆ ಹಾಕುವುದಾದರೆ ಬಿಸಿಲು ತಾಗದ ಗೋಡೆ ಆರಿಸಬೇಕು. ಅಗಲವಾದ ಅಂಚಿನ ಮೇಲೆ ಅಳಿಸದ ಶಾಯಿಯ ಪೆನ್ನಿನಿಂದ ಮೆಲ್ಲಗೆ ಹೆಸರು, ಊರು, ತಾರೀಖು ಬರೆದರೆ ನಲವತ್ತು ವರ್ಷದ ಮೇಲೆ 'ಇದು ಯಾರು?' ಎಂದು ತಡಕಾಡುವ ಕಷ್ಟ ತಪ್ಪುತ್ತದೆ.

ಇನ್ನು ಎರಡನೆಯ ಪ್ರತಿ ಇಲ್ಲದ ಚಿಂತೆ. ಇದಕ್ಕೆ ಮದ್ದು ನಮ್ಮೆಲ್ಲರ ಜೇಬಿನಲ್ಲೇ ಇದೆ. ಕೊಡುವ ಮುನ್ನ ಹಾಳೆಯನ್ನು ಫೋನಿನಲ್ಲಿ ಒಮ್ಮೆ ಸೆರೆಹಿಡಿದರೆ ಸಾಕು. ಹೀಗೆ ಮಾಡಿದಾಗ ಒಂದು ಸ್ವಾರಸ್ಯ ನಡೆಯುತ್ತದೆ. ಸ್ಟುಡಿಯೊದ ಕಾಲದಲ್ಲಿ ಮೂಲ ತೆಗೆದವರದು, ಪ್ರತಿ ತೆಗೆಸಿಕೊಂಡವರದು. ಈಗ ಪ್ರತಿ ತೆಗೆದವರಿಗೆ, ಮೂಲ ತೆಗೆಸಿಕೊಂಡವರಿಗೆ.

ಹಾಗಾಗಿ ಈ ಕ್ಯಾಮರಾ ಹಿಡಿದು ಹೊರಟವರಿಗೆ ಒಂದು ಸಣ್ಣ ನೇಮವಿದ್ದರೆ ಚೆನ್ನ. ಮೊದಲು ಕೇಳುವುದು: 'ನಿಮ್ಮ ಪಟ ತೆಗೆಯಬಹುದೇ?' ಬೇಡವೆಂದರೆ ಅಲ್ಲಿಗೇ ಬಿಡುವುದು. ಹೂಂ ಎಂದರೆ ಮೊದಲ ಹಾಳೆಯನ್ನು ಅವರ ಕೈಯಲ್ಲೇ ಇಡುವುದು, ತನಗೆ ಬೇಕೆನಿಸಿದರೆ ಇನ್ನೊಂದು ತೆಗೆದುಕೊಳ್ಳುವುದು. ನೂರು ರೂಪಾಯಿ ದುಬಾರಿ ಎನಿಸಬಹುದು. ಆದರೆ 'ಕಳಿಸ್ತೀನಿ' ಎಂಬ ಮಾತು ಉಳಿಸಿಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಬಿಳಿ ಹಾಳೆಯ ಮೇಲೆ ಮೊದಲು ಮಲ್ಲಿಗೆ ದಂಡೆ, ಆಮೇಲೆ ಅಜ್ಜಿಯ ಮುಖ ಮೂಡುವ ತನಕ ಇಬ್ಬರೂ ಒಂದೂವರೆ ನಿಮಿಷ ಒಂದೇ ಕಡೆ ನೋಡುತ್ತ ನಿಂತಿರಬೇಕಾಗುತ್ತದೆ. ಆಮೇಲೆ ಅಜ್ಜಿ ಅದನ್ನು ಹೂವಿನ ಬುಟ್ಟಿಯಲ್ಲಿ, ಬಾಳೆ ಎಲೆಯ ಕೆಳಗೆ, ನೀರು ತಾಗದಂತೆ ಇಟ್ಟುಕೊಳ್ಳುತ್ತಾಳೆ. ಸಂಜೆ ಮನೆಗೆ ಹೋಗುವಾಗ ಅದು ಅವಳ ಜೊತೆಗೇ ಹೋಗುತ್ತದೆ.